ಸತ್ಯಾಂಶ: ಪೈಲಟ್ ಲೈಸೆನ್ಸ್ ಸಿಕ್ಕ ಕೂಡಲೇ ಲಕ್ಷಗಟ್ಟಲೆ ಸಂಬಳವೇ?

‘ಪಿಯುಸಿ ಮುಗಿಸಿ ಪೈಲಟ್ ಲೈಸೆನ್ಸ್ ಪಡೆದರೆ ಮರುತಿಂಗಳಿಂದಲೇ ಲಕ್ಷಗಟ್ಟಲೆ ಸಂಬಳ’ ಎಂಬ ಸಂದೇಶ ಮೈಸೂರು, ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ವಿಮಾನದ ಮುಖ್ಯ ಪೈಲಟ್‌ಗಳಾದ ಕ್ಯಾಪ್ಟನ್‌ಗಳ ಸಂಬಳ ಇಂದಿಗೂ ಬಹಳ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ 200 ಗಂಟೆಗಳ ಹಾರಾಟ ಪೂರೈಸಿ ಪಡೆಯುವ ವಾಣಿಜ್ಯ ಪೈಲಟ್ ಲೈಸೆನ್ಸ್ ಅರ್ಹತೆಯೇ ಹೊರತು ನೌಕರಿಯಲ್ಲ. ಏರ್‌ಬಸ್, ಬೋಯಿಂಗ್‌ನಂಥ ವಿಮಾನ ನಡೆಸಲು ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಬೇಕು, ಅದರ ಖರ್ಚೂ ಹಲವು ಬಾರಿ ಅಭ್ಯರ್ಥಿಯ ಮೇಲೆಯೇ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ: ಮಂಡ್ಯದ ಕುಟುಂಬವೊಂದು ಪೈಲಟ್ ತರಬೇತಿಗಾಗಿ ಮನೆಯನ್ನು ಅಡವಿಟ್ಟು ಶೇ 11ರ ಬಡ್ಡಿಗೆ 60 ಲಕ್ಷ ರೂಪಾಯಿ ಸಾಲ ಪಡೆದರೆ, ಆರಂಭದಲ್ಲಿ ಬಡ್ಡಿಯೇ ತಿಂಗಳಿಗೆ 55,000 ರೂಪಾಯಿ. ನೌಕರಿ ಎರಡು ವರ್ಷ ತಡವಾದರೆ ಬಡ್ಡಿಯೊಂದೇ 13 ಲಕ್ಷ ದಾಟುತ್ತದೆ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೂ ಕೆಲಸ ಹುಡುಕಬೇಕಾಯಿತು. ಅಂಥ ಹೊತ್ತಿನಲ್ಲಿ ಹೊಸಬರ ಸರದಿ ಇನ್ನೂ ಹಿಂದಕ್ಕೆ ಹೋಗುತ್ತದೆ.

ಮಕ್ಕಳ ಆಸೆಯನ್ನು ಚಿವುಟಬೇಕೆಂದು ಇದನ್ನು ಹೇಳುತ್ತಿಲ್ಲ. ಶುಲ್ಕ ಕಟ್ಟುವ ಮೊದಲೇ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಿಗದಿಪಡಿಸಿದ ವೈದ್ಯಕೀಯ ಪರೀಕ್ಷೆ ಮಾಡಿಸಿ, ಏಕೆಂದರೆ ಅದರಲ್ಲಿ ಅನರ್ಹರಾದರೆ ಕಟ್ಟಿದ ಹಣ ವ್ಯರ್ಥವಾದೀತು.