ಹರ್ಬಿ ನಿಕೋಲ್ಸ್‌ನನ್ನು ‘ಪಾಪ’ ಎನ್ನಬೇಡಿ

ಜಾಝ್ ಕೇಳುವವರ ನಡುವೆ ಅಮೆರಿಕದ ಪಿಯಾನೊ ವಾದಕ, ಸಂಗೀತ ರಚನೆಕಾರ ಹರ್ಬಿ ನಿಕೋಲ್ಸ್‌ನ ಹೆಸರೆತ್ತಿದರೆ ಮೊದಲು ಬರುವ ಮಾತು ‘ಪಾಪ’. ಅದರ ಹಿಂದೆಯೇ ಬರುವುದು, ‘ಥೆಲೋನಿಯಸ್ ಮಂಕ್‌ನ ಹಾಗೆ ಪಿಯಾನೊ ನುಡಿಸುತ್ತಿದ್ದನಲ್ಲ, ಅವನೇ ತಾನೆ?’ ನನಗೆ ಈ ಎರಡೂ ಮಾತುಗಳ ಮೇಲೆ ತಕರಾರಿದೆ.

ಮಂಕ್ ಅವನ ಕಾಲದ ಹೆಸರಾಂತ ಜಾಝ್ ಪಿಯಾನೊ ವಾದಕ; ಅವನ ವಿಷಯ ಆಮೇಲೆ. ಪಾಪ ಎನ್ನಿಸಲು ಕಾರಣಗಳಿವೆ. ನ್ಯೂಯಾರ್ಕಿನಲ್ಲಿ, ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದ ಕುಟುಂಬದಲ್ಲಿ 1919ರಲ್ಲಿ ಹುಟ್ಟಿದ. ಹೊಟ್ಟೆಪಾಡಿಗಾಗಿ ವರ್ಷಗಟ್ಟಲೆ ಡಿಕ್ಸಿಲ್ಯಾಂಡ್ ತಂಡಗಳಲ್ಲಿ ಹಳೆಯ ಶೈಲಿಯ ಸಂಗೀತ ನುಡಿಸಿದ. ಬ್ಲೂನೋಟ್ ಎಂಬ ಜಾಝ್ ರೆಕಾರ್ಡ್ ಕಂಪನಿಗಾಗಿ ಸ್ಟುಡಿಯೋ ಬಾಗಿಲು ತೆರೆದಾಗ ವಯಸ್ಸು 36. ರಕ್ತದ ಕ್ಯಾನ್ಸರಿನಿಂದ 1963ರಲ್ಲಿ ತೀರಿಕೊಂಡಾಗ 44. ಗಾಯಕಿ ಬಿಲ್ಲಿ ಹಾಲಿಡೇ ಹಾಡಿದ ‘ಲೇಡಿ ಸಿಂಗ್ಸ್ ದ ಬ್ಲೂಸ್’ ಜಗತ್ತಿಗೆಲ್ಲ ಗೊತ್ತು. ಅದರ ಧಾಟಿ ಇವನದು. ಇವನು ಅದನ್ನು ‘ಸೆರೆನೇಡ್’ ಎಂದು ಕರೆದಿದ್ದ; ಮಾತು ಕೂಡಿಸಿ ಹೊಸ ಹೆಸರಿಟ್ಟವಳು ಹಾಲಿಡೇ.

ಕತೆ ಇಷ್ಟು. ಇದನ್ನು ಮೊದಲೇ ಓದಿಕೊಂಡವರು ಪ್ರತಿ ಸ್ವರದಲ್ಲೂ ಅಳು ಹುಡುಕುತ್ತಾರೆ. ಆದರೆ 1955ರ ಮೇ ತಿಂಗಳಿನ ಆ ಮೊದಲ ಬ್ಲೂನೋಟ್ ಧ್ವನಿಮುದ್ರಣಗಳನ್ನು ಕೇಳಿ. ಅಲ್ಲಿರುವುದು ಹುಮ್ಮಸ್ಸು, ತುಂಟತನ, ‘ನೋಡಿ, ಹೀಗೂ ಹೋಗಬಹುದು’ ಎನ್ನುವ ಧೈರ್ಯ. ಬಾಸ್ ನುಡಿಸಿದವನು ಆಲ್ ಮೆಕಿಬನ್, ಡ್ರಮ್ಸ್ ಆರ್ಟ್ ಬ್ಲೇಕಿಯದು. ಆಗಸ್ಟಿನಲ್ಲೂ ಮರುವರ್ಷದ ಏಪ್ರಿಲಿನಲ್ಲೂ ಬ್ಲೇಕಿಯ ಜಾಗದಲ್ಲಿ ಮ್ಯಾಕ್ಸ್ ರೋಚ್ ಕೂತ. ಎಲ್ಲ ಸೇರಿ ಸ್ಟುಡಿಯೋದಲ್ಲಿ ಕಳೆದದ್ದು ಐದೇ ದಿನ. ಹೆಚ್ಚುಕಡಿಮೆ ಎಲ್ಲವೂ ಅವನ ಸ್ವಂತ ರಚನೆಗಳು.

ಡ್ರಮ್ಮರುಗಳ ಹೆಸರನ್ನು ಬೇಕೆಂದೇ ಒತ್ತಿ ಹೇಳಿದೆ. ಪಿಯಾನೊ, ಬಾಸ್, ಡ್ರಮ್ಸ್ ಮೂರೇ ಇರುವ ಪಿಯಾನೊ ಟ್ರಿಯೊ ಎಂದರೆ ಡ್ರಮ್ಸ್ ಹಿಂದೆ ಕೂತು ಲಯ ಕಾಯುವುದು, ಕೊನೆಯಲ್ಲಿ ಒಂದು ಸರದಿ ಪಡೆಯುವುದು ಎಂಬ ರೂಢಿಯಿತ್ತು. ನಿಕೋಲ್ಸ್ ಧಾಟಿಯನ್ನು ಕಟ್ಟುವಾಗಲೇ ಡ್ರಮ್ಸಿಗೆ ಜಾಗ ಬಿಟ್ಟ. ಪಿಯಾನೊ ಒಂದು ಮಾತಾಡಿ ನಿಲ್ಲುತ್ತದೆ, ಚರ್ಮದ ಸದ್ದು ಅದನ್ನು ಪೂರೈಸುತ್ತದೆ. ಮೃದಂಗ ಕೇಳಿ ಬೆಳೆದ ನನ್ನ ಕಿವಿಗೆ ಈ ಕೊಡುಕೊಳ್ಳುವಿಕೆ ಮೊದಲ ಸಲವೇ ಹಿಡಿಸಿತು. ಹಾರ್ಮನಿಯ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಹೊಂದಾಣಿಕೆಯ, ತಿರುವುಗಳು ಅರ್ಥವಾಗಲು ಮಾತ್ರ ತಿಂಗಳುಗಳೇ ಬೇಕಾದವು.

ಇನ್ನು ಮಂಕ್. ಅವನ ಬಗ್ಗೆ 1940ರ ದಶಕದಲ್ಲಿಯೇ ಪತ್ರಿಕೆಯಲ್ಲಿ ಬರೆದವನು ನಿಕೋಲ್ಸ್. ನಂಟು ಇತ್ತು, ನಿಜ. ಆದರೆ ಮಂಕ್ ಸ್ವರಗಳನ್ನು ಕಲ್ಲಿನಂತೆ ಎಣಿಸಿ ಇಡುತ್ತಾನೆ, ನಡುವಿನ ಮೌನವನ್ನೂ ಕೇಳಿಸುತ್ತಾನೆ. ನಿಕೋಲ್ಸ್ ಹರಿಯುವವನು. ಅವನ ಎಡಗೈ ಊಹಿಸದ ಕಡೆಗೆಲ್ಲ ಕರೆದೊಯ್ಯುತ್ತದೆ, ಆದರೂ ಎಲ್ಲಿಗೆ ಹೋದರೂ ಮೂಲ ಧಾಟಿಯ ಕೈ ಬಿಡುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿತನ.

ನನ್ನ ಮಾತು ನಂಬಬೇಕಿಲ್ಲ. ಇಂದು ರಾತ್ರಿ ‘ಹೌಸ್ ಪಾರ್ಟಿ ಸ್ಟಾರ್ಟಿಂಗ್’ ಹಾಕಿಕೊಳ್ಳಿ, ರೋಚ್‌ನ ಜೊತೆ ನುಡಿಸಿದ್ದು. ಹೆಸರು ಕೇಳಿ ಕುಣಿತ ನಿರೀಕ್ಷಿಸಬೇಡಿ. ಧಾಟಿ ಒಂದೊಂದೇ ಹೆಜ್ಜೆ ಮುಂದಿಡುತ್ತದೆ, ಅನುಮಾನಿಸುತ್ತದೆ, ಮತ್ತೆ ಮುಂದೆ ಬರುತ್ತದೆ; ದೀಪ ಹಚ್ಚಿ, ಕುರ್ಚಿಗಳನ್ನು ಜೋಡಿಸಿಟ್ಟು, ಮೊದಲ ಅತಿಥಿಗಾಗಿ ಬಾಗಿಲ ಕಡೆ ನೋಡುತ್ತಿರುವ ಮನೆಯ ಹಾಗೆ.