ಅದು ಬಿಟ್ರೆ ಇನ್ನೇನು ಕೇಳ್ತೀರಿ?

ಕೆಲವು ಪ್ರಶ್ನೆಗಳನ್ನು ಊಟದ ಹೊತ್ತಲ್ಲಿ ಕೇಳಬಾರದು. ವಿರಾಜಪೇಟೆ ಕಡೆ ಒಂದು ಮದುವೆ. ನನ್ನ ಕೈಯಲ್ಲಿ ಕಡಂಬುಟ್ಟು, ಪಂದಿ ಕರಿಯ ತಟ್ಟೆ. ಬೆಂಗಳೂರಿನಿಂದ ಬಂದ ನೆಂಟರ ಹುಡುಗನೊಬ್ಬ ಪಕ್ಕಕ್ಕೆ ಬಂದು ನಿಂತ. ಯಾರೋ ಅವನ ಕಿವಿಗೆ ನನ್ನ ವಿಷಯ ಹಾಕಿದ್ದರು. "ಅಂಕಲ್, ನೀವು ಪ್ರೋಗ್ ರಾಕ್ ಅಂತೆ?" ಅಂದ. ಹೌದು ಅಂದೆ. "ಅದು ಬಿಟ್ರೆ ಇನ್ನೇನು ಕೇಳ್ತೀರಿ?"

ಪ್ರೋಗ್ ಅಂದರೆ ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡು, ಸುಲಭಕ್ಕೆ ಸಿಗದ ತಾಳ. ಈ "ಅದು ಬಿಟ್ರೆ" ನನಗೆ ಆಗಿಬರುವುದಿಲ್ಲ. ಭಾವಗೀತೆ ಕೇಳುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ರಾಜ್‌ಕುಮಾರ್ ಹಾಡು ಅಂದರೆ ಸಾಕು, ಎಲ್ಲರೂ ತಲೆದೂಗುತ್ತಾರೆ, ಮುಂದಿನ ಪ್ರಶ್ನೆಯೇ ಇಲ್ಲ. ನಾವು ಮಾತ್ರ ಬದಲಿ ಉತ್ತರ ಒಂದನ್ನು ಜೇಬಲ್ಲಿ ಇಟ್ಟುಕೊಂಡೇ ಓಡಾಡಬೇಕು. ನಾನು ತುತ್ತು ನುಂಗಿ ಬಾಯಿ ತೆರೆಯುವಷ್ಟರಲ್ಲಿ ವಾಲಗ ಶುರುವಾಯಿತು. ಹುಡುಗ ಎರಡೂ ಕೈ ಎತ್ತಿಕೊಂಡು ಕುಣಿಯುವವರ ಗುಂಪಿಗೆ ಸೇರಿಬಿಟ್ಟ. ಉತ್ತರ ನನ್ನಲ್ಲೇ ಉಳಿಯಿತು. ಪಂದಿ ಕರಿ ಜೀರ್ಣವಾಯಿತು, ಅದು ಆಗಲಿಲ್ಲ.

ನಮ್ಮ ಪಂಗಡದ ಕೇಳುಗರು ಕೊಡಗಿನಲ್ಲಿ ಜಾಸ್ತಿ ಇಲ್ಲ. ಮಡಿಕೇರಿಯಲ್ಲಿ ಒಬ್ಬ, ಸಿದ್ದಾಪುರದಲ್ಲಿ ಒಬ್ಬ. ಸುಂಟಿಕೊಪ್ಪದ ಕಡೆ ಇನ್ನೊಬ್ಬ ಇದ್ದ, ಮದುವೆಯಾದ ಮೇಲೆ ಬಿಟ್ಟ. ಈ ಪ್ರಶ್ನೆ ಬಂದರೆ ಎಲ್ಲರ ಉತ್ತರವೂ ಹೆಚ್ಚು ಕಡಿಮೆ ಒಂದೇ. ಗಂಟಲು ಸರಿಮಾಡಿಕೊಂಡು ಜಾಝ್ ಅಂತಾರೆ. ಮೈಲ್ಸ್ ಡೇವಿಸ್ ಅಂತಾರೆ. ಆಮೇಲೆ ಜಾಝಿಗೆ ರಾಕ್ ಬೆರೆಸಿದ ಮಹಾವಿಷ್ಣು ಆರ್ಕೆಸ್ಟ್ರಾ, ಆಮೇಲೆ ಶಕ್ತಿ ಅನ್ನುವ ತಂಡ. ಮೈಲ್ಸ್ ಜೊತೆ 1969ರಲ್ಲಿ ಗಿಟಾರ್ ನುಡಿಸಿದ್ದು ಜಾನ್ ಮೆಕ್‌ಲಾಫ್ಲಿನ್. ಮಹಾವಿಷ್ಣು ಕಟ್ಟಿದ್ದೂ ಅವರೇ. ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಅವರನ್ನು ಸೇರಿಸಿಕೊಂಡು ಶಕ್ತಿ ಕಟ್ಟಿದ್ದೂ ಅವರೇ. ಬೇಲಿ ಹಾರಿ ಬಂದೆ ಅಂತ ಎದೆ ತಟ್ಟಿಕೊಳ್ಳುತ್ತಾರೆ, ನೋಡಿದರೆ ಪಕ್ಕದ ತೋಟವೂ ಇವರ ಅಣ್ಣನದೇ!

ಅಲ್ಲಿಗೆ ಹೋದರೂ ಇವರು ಬೆರಳು ಮಡಚಿ ಮಾತ್ರೆ ಎಣಿಸುವುದನ್ನು ಬಿಡುವುದಿಲ್ಲ. ನಮ್ಮವರ ದೊಡ್ಡ ಚಟ ಅದು. ನಮ್ಮ ಪ್ರೋಗ್ ಬಳಗದ ಪಿಂಕ್ ಫ್ಲಾಯ್ಡ್‌ನವರು 1973ರಲ್ಲಿ "ಮನಿ" ಅನ್ನುವ ಹಾಡನ್ನು ಏಳು ಮಾತ್ರೆಯಲ್ಲಿ ಮಾಡಿದರು ಅಂತ ಇವತ್ತಿಗೂ ಮೀಸೆ ತಿರುವುತ್ತೇವೆ. ಮಿಶ್ರಛಾಪು ತಾಳ ಕೇಳಿ ಬೆಳೆದವರಿಗೆ ಏಳು ಏನು ಮಹಾ? ಅದೂ ಅಲ್ಲದೆ, ಗಿಟಾರ್ ಸರದಿ ಬಂದಾಗ ಅವರೇ ಸುಮ್ನೆ ನಾಲ್ಕಕ್ಕೆ ಇಳಿದುಬಿಡುತ್ತಾರೆ. ಈ ವಿಷಯವನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ನನ್ನ ಉತ್ತರ ಅಬ್ಬಾ. ಹೌದು, ಆ ಸ್ವೀಡನ್ನಿನ ಪಾಪ್ ತಂಡದ ನಾಲ್ವರು. ಹೊಳೆಯುವ ಬಟ್ಟೆ, ಎತ್ತರದ ಬೂಟು. ಇದನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಚಿಕ್ಕಪ್ಪನ ಜೀಪು ಆರಿಸಿತು.

ತೊಂಬತ್ತರ ದಶಕದ ನಡುವಿನ ಮಾತು. ಬಾಳೆಲೆ ಕಡೆ ಚಿಕ್ಕಪ್ಪನ ತೋಟ. ನಾನು ಓದು ಮುಗಿಸಿ, ಮುಂದೇನು ಅಂತ ಯಾರಾದರೂ ಕೇಳಿದರೆ ಎದ್ದು ಹೋಗುತ್ತಿದ್ದ ವಯಸ್ಸು. ಬೆಂಗಳೂರಿನ ಸ್ನೇಹಿತನೊಬ್ಬ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟುಗಳೇ ನನ್ನ ಆಸ್ತಿ. ಜೆಥ್ರೊ ಟಲ್ ತಂಡ 1972ರಲ್ಲಿ ತಂದ "ಥಿಕ್ ಆ್ಯಸ್ ಎ ಬ್ರಿಕ್" ಇಡೀ ಆಲ್ಬಮ್ಮಿಗೆ ಒಂದೇ ಹಾಡು, 43 ನಿಮಿಷದ ಮೇಲೆ. ಎಲ್‌ಪಿಯಲ್ಲಿ ಅದನ್ನು ಎರಡು ಬದಿಗೆ ತುಂಡು ಮಾಡಿ ಹಾಕಬೇಕಾಗಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದೇ ಬದಿಗೆ ಹಿಡಿಸುತ್ತಿತ್ತು. ಈ ಕಾರಣಕ್ಕೆ ಕ್ಯಾಸೆಟ್ ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಆದರೆ ಕೊಡಗಿನ ಮಳೆಗಾಲಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ. ಜೂನ್ ಬಂತು ಅಂದರೆ ಬೆಲ್ಟು, ಚಪ್ಪಲಿ, ಮದುವೆಗೆ ಹಾಕುವ ಕುಪ್ಯದ ನಿಲುವಂಗಿ, ಎಲ್ಲಕ್ಕೂ ಬೂಷ್ಟು. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಇಣುಕಿದರೆ ಸುತ್ತಿದ ಟೇಪಿನ ಅಂಚಿಗೆ ಬಿಳಿ ಪುಡಿ ಕೂತಿರುತ್ತಿತ್ತು. ಹತ್ತಿಯಲ್ಲಿ ಒರೆಸಿ, ಪೆನ್ಸಿಲ್ ತೂರಿಸಿ ತಿರುಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುತ್ತಿದ್ದೆ. ನನ್ನ ಕ್ಯಾಸೆಟ್ಟುಗಳೆಲ್ಲ ಹೀಗೆ ಅಟ್ಟ ಸೇರಿದ ಒಂದು ವಾರದಲ್ಲಿ ಚಿಕ್ಕಮ್ಮ ಗೋಣಿಕೊಪ್ಪದ ಸಂತೆಗೆ ಹೋಗುವಾಗ ಜೀಪಿನಲ್ಲಿ "ಅಬ್ಬಾ ಗೋಲ್ಡ್" ಹಾಕಿದರು. 1992ರಲ್ಲಿ ಬಂದ ಸಂಗ್ರಹ, 19 ಹಾಡು. ವಾಪಸು ಬಂದು ತೆಗೆಯಲು ಗುಂಡಿ ಒತ್ತಿದರು. ಗುಂಡಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಕ್ಯಾಸೆಟ್ಟೂ ಬರಲಿಲ್ಲ.

ಆ ಪ್ಲೇಯರ್‌ಗೆ ಬೇರೆ ಸ್ವಿಚ್ ಇರಲಿಲ್ಲ. ಯಾರೋ ಪುಣ್ಯಾತ್ಮ ಅದರ ವಯರನ್ನು ನೇರ ಕೀಲಿಗೆ ಜೋಡಿಸಿದ್ದ. ಕೀಲಿ ತಿರುಗಿಸಿದರೆ ಹಾಡು ಶುರು. ಟೇಪಿನ ಕೊನೆ ಬಂದರೆ ತಾನಾಗಿಯೇ ಮಗುಚಿಕೊಳ್ಳುತ್ತಿತ್ತು. ವಾಲ್ಯೂಮಿನ ತಿರುಪು ಎಂದೋ ಉದುರಿಹೋಗಿತ್ತು, ಉಳಿದಿದ್ದ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದರೂ ಅರ್ಧ ಸುತ್ತಿಗಿಂತ ಹೆಚ್ಚು ತಿರುಗುತ್ತಿರಲಿಲ್ಲ. ಗೋಣಿಕೊಪ್ಪದ ಮೆಕ್ಯಾನಿಕ್ ನೋಡಿ, "ಬಿಚ್ಚೋದು ಬಿಚ್ಚಬಹುದು, ಜೋಡಿಸೋ ಗ್ಯಾರಂಟಿ ಇಲ್ಲ" ಅಂದ. ಚಿಕ್ಕಪ್ಪ ಬೇಡ ಅಂದರು. ಅವರ ಮಟ್ಟಿಗೆ ಅದು ಜೀಪಿನ ಸದ್ದು, ಅಷ್ಟೇ.

ಹಾಗಾಗಿ ಆ ಮಳೆಗಾಲ ಪೂರ್ತಿ ಅಬ್ಬಾ. ಗೊಬ್ಬರಕ್ಕೆ ಹೋದರೂ ಅಬ್ಬಾ, ನಾಟಿಗೆ ಆಳು ಕರೆದುಕೊಂಡು ಬಂದರೂ ಅಬ್ಬಾ. ಹಿಂದೆ ಕೂತ ಹೆಂಗಸರು "ಚಿಕಿಟೀಟಾ" ಬಂದಾಗ ಪಲ್ಲವಿಗೆ ತಮ್ಮದೇ ಮಾತು ಸೇರಿಸಿಕೊಂಡು ಹಾಡುತ್ತಿದ್ದರು. ಅದರಲ್ಲಿ ಚಿಕ್ಕಪ್ಪನ ಜಿಪುಣತನದ ವರ್ಣನೆ ಇತ್ತು ಅಂತ ನನ್ನ ಅನುಮಾನ. ನಾನು ಮೊದಲು ಹಲ್ಲು ಕಚ್ಚಿ ಕೂತೆ. ಆಮೇಲೆ ಬೇರೆ ಕೆಲಸ ಇಲ್ಲದೆ ಕೇಳಿಸಿಕೊಂಡೆ. "ಡ್ಯಾನ್ಸಿಂಗ್ ಕ್ವೀನ್" ಪಲ್ಲವಿಯ ಅರ್ಧದಿಂದ ಶುರುವಾಗುತ್ತದೆ, ನೀವು ತಡವಾಗಿ ಬಂದಿರಿ ಅನ್ನುವ ಹಾಗೆ. ಇಬ್ಬರೇ ಹೆಂಗಸರು ಹಾಡಿದರೂ ಹಿಂದೆ ದೊಡ್ಡ ಗುಂಪೇ ಇದ್ದಂತೆ ಕೇಳುತ್ತದೆ. ಅದು ಸೌಂಡ್ ಎಂಜಿನಿಯರ್ ಮೈಕೆಲ್ ಟ್ರೆಟೋ ಅವರ ಕೈಚಳಕ. ಒಂದರ ಮೇಲೊಂದು ರೆಕಾರ್ಡ್ ಮಾಡುವಾಗ ಟೇಪಿನ ವೇಗವನ್ನು ಒಂದು ಕೂದಲಷ್ಟು ಬದಲಿಸುತ್ತಿದ್ದರು.

ಆಟಿ ತಿಂಗಳು, ಒಂದು ಬೆಳಿಗ್ಗೆ, ಹೊಳೆಯಾಚೆಯಿಂದ ಎರಡು ಗುಂಡು ಕೇಳಿಸಿತು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು, ಸತ್ತರೆ ಎರಡು. ಚಿಕ್ಕಪ್ಪ ಬಿಳಿ ಬಟ್ಟೆ ಹಾಕಿಕೊಂಡು ಜೀಪು ಹತ್ತಿದರು. ನಾನೂ ಹತ್ತಿದೆ. ಕೀಲಿ ತಿರುಗಿತು, ಹಾಡು ಶುರುವಾಯಿತು. ಆಗ ಇಬ್ಬರಿಗೂ ಹೊಳೆಯಿತು. ಬ್ಯಾಟರಿ ಸತ್ತಿದೆ. ಆಗಷ್ಟೇ ನಾಲ್ಕು ಜನ ನೂಕಿ ಸ್ಟಾರ್ಟ್ ಮಾಡಿದ ಗಾಡಿ. ಸಾವಿನ ಮನೆ ಮುಂದೆ ಆಫ್ ಮಾಡಿದರೆ ಆ ಕೆಸರಲ್ಲಿ ಮತ್ತೆ ಏಳುವುದಿಲ್ಲ. ಆಫ್ ಮಾಡದಿದ್ದರೆ ಹಾಡು ನಿಲ್ಲುವುದಿಲ್ಲ.

ಆಗ ನಾನು ಲೆಕ್ಕ ಹಾಕಿದೆ. ಆ ಕ್ಯಾಸೆಟ್ಟಿನಲ್ಲಿ ಏಳನೆಯದೂ ಎಂಟನೆಯದೂ ನಿಧಾನದ ಹಾಡುಗಳು. ಎರಡೂ ಸೇರಿ ಒಂಬತ್ತು ನಿಮಿಷದ ಮೇಲೆ ಸಿಗುತ್ತದೆ. ಏಳನೆಯದು ಶುರುವಾಗುವ ಹೊತ್ತಿಗೆ ನಾವು ಆ ಮನೆಯ ಓಣಿಯ ಬಾಯಲ್ಲಿ ಇರಬೇಕು. "ಚಿಕ್ಕಪ್ಪ, ಸೆಕೆಂಡ್ ಗೇರಲ್ಲೇ ಹೋಗಿ" ಅಂದೆ. ಸೇತುವೆ ಹತ್ತಿರ ಸ್ವಲ್ಪ ನಿಲ್ಲಿಸಲು ಹೇಳಿದೆ. ಪ್ರೋಗ್ ಕೇಳಿ ಕಲಿತ ಎಣಿಕೆ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಓಣಿಯ ಬಾಯಿಗೂ "ಐ ಹ್ಯಾವ್ ಎ ಡ್ರೀಮ್" ಹಾಡಿಗೂ ಸರಿಯಾಗಿ ತಾಳೆಯಾಯಿತು. ಸ್ಪೀಕರಿನ ಮೇಲೆ ಕಂಬಳಿ ಮಡಚಿ ಹಾಕಿ, ಇಂಜಿನ್ ಆಡಲು ಬಿಟ್ಟು, ಚಿಕ್ಕಪ್ಪ ಮೇಲೆ ಹೋದರು. ಬೇಗ ಬನ್ನಿ ಅಂದೆ. ಯಾಕೆಂದರೆ ಒಂಬತ್ತನೆಯ ಹಾಡು "ಮನಿ, ಮನಿ, ಮನಿ". ಆ ಮನೆಯ ಅಣ್ಣತಮ್ಮಂದಿರ ನಡುವೆ ಆಸ್ತಿಯ ತಕರಾರು ಇದ್ದದ್ದು ಇಡೀ ನಾಡಿಗೆ ಗೊತ್ತಿತ್ತು.

ಮಳೆ ಹನಿಯುತ್ತಿತ್ತು. ಒಬ್ಬರು ನಿವೃತ್ತ ಮೇಜರ್ ಕೊಡೆ ಹಿಡಿದು ಇಳಿದು ಬಂದರು. ಆ ಹಾಡಿನ ಕೊನೆಗೆ ಮಕ್ಕಳು ಸೇರಿ ಹಾಡುವುದು ಕಂಬಳಿಯಡಿಯಿಂದ ತೆಳ್ಳಗೆ ಬರುತ್ತಿತ್ತು. "ಚರ್ಚಿನ ಮಕ್ಕಳು ಬಂದಿದಾರಾ?" ಅಂದರು. ನಾನು ತಲೆ ಹೇಗೋ ಆಡಿಸಿದೆ. ಆಮೇಲೆ "ದ ವಿನ್ನರ್ ಟೇಕ್ಸ್ ಇಟ್ ಆಲ್". ತಂಡದೊಳಗಿನ ಗಂಡ ಹೆಂಡತಿ ಬೇರೆಯಾದ ಮೇಲೆ ಬಂದ ಹಾಡು ಅದು. ಮಾತು ಬರೆದದ್ದು ಗಂಡ ಬ್ಯೋರ್ನ್, ಹಾಡಿದ್ದು ಹೆಂಡತಿ ಆಗ್ನೆತಾ. ನಮ್ಮ ಪಂಗಡದವರು 23 ನಿಮಿಷ ತೆಗೆದುಕೊಂಡು, ಏಳು ಭಾಗ ಮಾಡಿ, ದೇವರು ದೆವ್ವ ಎಲ್ಲ ತಂದರೂ ಅಷ್ಟು ಹೊಟ್ಟೆ ಹಿಂಡುವುದಿಲ್ಲ. ಇವರು ಐದು ನಿಮಿಷದೊಳಗೆ ಮುಗಿಸಿಬಿಟ್ಟರು. ಮೇಜರ್ ಏನೂ ಹೇಳಲಿಲ್ಲ, ನಿಂತೇ ಇದ್ದರು.

ಚಿಕ್ಕಪ್ಪ ಬರಲಿಲ್ಲ. ಮೇಲೆ ಯಾರ ಜೊತೆಗೋ ಮೆಣಸಿನ ರೇಟು ಮಾತಾಡುತ್ತಿದ್ದರಂತೆ! ಒಂಬತ್ತನೆಯ ಹಾಡು ಶುರುವಾಯಿತು. ಅದೇ ಹೊತ್ತಿಗೆ ಇಬ್ಬರು ಅಣ್ಣತಮ್ಮಂದಿರೂ ಸೌದೆಯ ವಿಚಾರಕ್ಕೆ ಓಣಿಗೆ ಇಳಿದರು, ಒಬ್ಬ ಆ ಬದಿ, ಒಬ್ಬ ಈ ಬದಿ. ನಾನು ಕಂಬಳಿಯ ಮೇಲೆ ಕೂತೆ. ಅದರಡಿಯಿಂದ ಆ ಒಂದೇ ಶಬ್ದ ಮೂರು ಮೂರು ಸಲ ಬರುತ್ತಲೇ ಇತ್ತು. ಅಷ್ಟು ಇಂಗ್ಲಿಷು ಯಾರಿಗೆ ಬರುವುದಿಲ್ಲ ಹೇಳಿ? ಅಣ್ಣ ತಮ್ಮನನ್ನು ನೋಡಿದ. ತಮ್ಮ ನನ್ನನ್ನು ನೋಡಿದ. ಮೇಜರ್ ಅವರ ಮುಖ ಕಲ್ಲು. ಊರುಗೋಲಿನ ತುದಿ ಮಾತ್ರ ಕೆಸರಲ್ಲಿ ತಾಳ ಹಾಕುತ್ತಿತ್ತು.

ಆ ಜೀಪನ್ನು ಮುಂದೆ ಹುಣಸೂರಿನ ಕಡೆಯವರಿಗೆ ಮಾರಿದರು, ಕ್ಯಾಸೆಟ್ ಸಮೇತ. ತಗೊಂಡವರು ಅದಕ್ಕೆ ಬೆಲೆ ಇಳಿಸಿ ಕೇಳಿದರಂತೆ.

ಇದನ್ನೆಲ್ಲ ಸಿದ್ದಾಪುರದವನಿಗೆ ಹೇಳಿದರೆ ಅವನು ನಗಲಿಲ್ಲ. "ನೋಡು, ಅಬ್ಬಾದ ಪ್ರೊಡಕ್ಷನ್ ತುಂಬಾ ಪ್ರೋಗ್ ಕಣೋ" ಅಂದ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಯಾವುದನ್ನಾದರೂ ಇಷ್ಟಪಡಬೇಕಾದರೆ ಮೊದಲು ಅದನ್ನು ನಮ್ಮ ಮತಕ್ಕೆ ಸೇರಿಸಿಕೊಳ್ಳಲೇಬೇಕಾ? ವಾಲಗದ ವಿಷಯಕ್ಕೂ ಇವನು ಹೀಗೇ ಮಾಡಿದ. ಕೊಂಬು ಊದುವವರ, ಕೊಟ್ಟು ಅನ್ನುವ ಡೋಲು ಬಾರಿಸುವವರ ಪಕ್ಕ ಫೋನು ಹಿಡಿದು ನಿಂತು, ಆರಾ ಹನ್ನೆರಡಾ ಅಂತ ಎಣಿಸುತ್ತಿದ್ದ. ಅವನ ಅಜ್ಜಿ ಹಿಂದಿನಿಂದ ಬಂದು ಬೆನ್ನಿಗೆ ಒಂದು ಕೊಟ್ಟು ಒಳಗೆ ತಳ್ಳಿದರು. ಕುಣಿಯುವಾಗ ಎಣಿಕೆ ತಪ್ಪಿಹೋಯಿತು ಅಂತ ಆಮೇಲೆ ಬೇಜಾರು ಮಾಡಿಕೊಂಡ. ಈಗಂತೂ ಎಣಿಸುವ ಕಷ್ಟವೂ ಇಲ್ಲ. ಸಂಜೆಯಾದರೆ ವಾಲಗದವರನ್ನು ಮೂಲೆಗೆ ಕೂರಿಸಿ ಡಿಜೆ ಬರುತ್ತಾನೆ. ಸಾರಿನ ಬಟ್ಟಲಲ್ಲಿ ಅಲೆ ಏಳುವಷ್ಟು ಬೇಸ್. ಪಕ್ಕದವರ ಜೊತೆ ಮಾತಾಡಬೇಕಾದರೆ ವಾಟ್ಸಾಪ್ ಮಾಡಬೇಕು. ನಾಲ್ಕು ಮಾತ್ರೆ ಬಿಟ್ಟು ಐದನೆಯದು ಇದೆ ಅಂತ ಅವನಿಗೆ ಯಾರೂ ಹೇಳಿಲ್ಲ. ಹೇಳಿದರೂ ಕೇಳಿಸುವುದಿಲ್ಲ.

ನನ್ನ ಪಟ್ಟಿಯಲ್ಲಿ ಎರಡನೆಯವರು ರಾಮೋನ್ಸ್. ನ್ಯೂಯಾರ್ಕಿನ ನಾಲ್ವರು, ಚಿಕ್ಕ, ಒರಟು, ಓಡುವ ಹಾಡುಗಳ ಪಂಕ್ ತಂಡ. ಎಲ್ಲರ ಹೆಸರಿನ ಕೊನೆಗೂ ರಾಮೋನ್, ಯಾರೂ ಯಾರಿಗೂ ಅಣ್ಣತಮ್ಮ ಅಲ್ಲ, ಆಸ್ತಿಯ ತಕರಾರಿಗೆ ಜಾಗವೇ ಇಲ್ಲ. 1976ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಒಟ್ಟು 29 ನಿಮಿಷ. ನಮ್ಮವರಿಗೆ ಪೀಠಿಕೆಗೇ ಸಾಲದು. ಪಂಕ್‌ನವರು ಬಂದು ಪ್ರೋಗ್‌ನ ಕತ್ತು ಹಿಸುಕಿದರು ಅಂತ ಕಥೆ ಇರುವುದರಿಂದ ಇವರನ್ನು ಇಷ್ಟಪಡುವುದು ದ್ರೋಹ ಅನ್ನುತ್ತಾನೆ ಮಡಿಕೇರಿಯವನು. ಇನ್ನೊಂದು ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ ಜಾನಿ ರಾಟನ್ ಪಿಂಕ್ ಫ್ಲಾಯ್ಡ್ ಟೀ ಶರ್ಟಿನ ಮೇಲೆ "ಐ ಹೇಟ್" ಅಂತ ಗೀಚಿಕೊಂಡು ಓಡಾಡಿದ್ದನ್ನು ಅವನು ಇನ್ನೂ ಕ್ಷಮಿಸಿಲ್ಲ. ಆದರೆ 1977ರಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೋ ಅದೇ ರಾಟನ್‌ನನ್ನು ಕರೆದು, ನಿನಗಿಷ್ಟವಾದದ್ದು ಹಾಕು ಅಂದಾಗ, ಅವನು ಹಾಕಿದ್ದರಲ್ಲಿ ಪೀಟರ್ ಹ್ಯಾಮಿಲ್ ಹಾಡುಗಳೂ ಇದ್ದವು. ಹ್ಯಾಮಿಲ್ ಅಂದರೆ ವ್ಯಾನ್ ಡರ್ ಗ್ರಾಫ್ ಜನರೇಟರ್ ಅನ್ನುವ ಪ್ರೋಗ್ ತಂಡದ ಹಾಡುಗಾರ. ಅಪ್ಪಟ ನಮ್ಮವರು.

ಇದು ನಮ್ಮ ಗೆಲುವು ಅಂತ ಮಡಿಕೇರಿಯವನ ವಾದ. ಇದರಲ್ಲಿ ಗೆಲುವು ಎಲ್ಲಿಂದ ಬಂತು, ಆ ಮನುಷ್ಯನಿಗೆ ಹಾಡು ಇಷ್ಟವಾಯಿತು, ಹಾಕಿದ ಅಂತ ನಾನು. ಎರಡು ಪೆಗ್ ಆದಮೇಲೆ ನಮ್ಮಿಬ್ಬರ ದನಿಯೂ ಏರುತ್ತದೆ. ಅವನ ಹೆಂಡತಿ ಬಾಗಿಲು ಹಾಕಿಕೊಂಡು ಒಳಗೆ ಸೀರಿಯಲ್ ನೋಡುತ್ತಾರೆ. ಮೊನ್ನೆ ನಾನು ಸುಮ್ಮನಿರಲಾರದೆ ಎಸಿ/ಡಿಸಿ ಅನ್ನುವ ಹಾರ್ಡ್ ರಾಕ್ ತಂಡದ ಹೆಸರು ಬೇರೆ ಎತ್ತಿದೆ. ಅವನು ಗ್ಲಾಸು ಕೆಳಗಿಟ್ಟು, ಅದನ್ನು ಸಂಗೀತ ಅಂತಾರಾ ಅಂದ. ಈಗ ಆ ಜಗಳ ನಡೀತಾ ಇದೆ.