ತಂಡ ತೊರೆದ ಇಬ್ಬರು ಗಾಯಕರು: ಸ್ವತಂತ್ರ ಹಾದಿಯಲ್ಲಿ ಡಿಕಿನ್ಸನ್ ಅವರದೇ ಮೇಲುಗೈಯೇ?

ರಾಕ್ ಸಂಗೀತದ ಅಬ್ಬರದ ಕವಲಾದ ಹೆವಿ ಮೆಟಲ್‌ನಲ್ಲಿ ಹೆಸರಾದ ಬ್ರಿಟನ್ನಿನ ಎರಡು ದೊಡ್ಡ ತಂಡಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಮ್ಮ ಗಾಯಕರನ್ನು ಕಳೆದುಕೊಂಡವು. 1992ರಲ್ಲಿ ರಾಬ್ ಹಾಲ್‌ಫರ್ಡ್ ಜೂಡಾಸ್ ಪ್ರೀಸ್ಟ್‌ನಿಂದ ಹೊರಬಂದರು. ಮರುವರ್ಷ ಬ್ರೂಸ್ ಡಿಕಿನ್ಸನ್ ಐರನ್ ಮೇಡನ್ ಬಿಟ್ಟರು. ಕೊನೆಗೆ ಇಬ್ಬರೂ ತಮ್ಮ ತಂಡಗಳಿಗೇ ಮರಳಿದರು, ಡಿಕಿನ್ಸನ್ 1999ರಲ್ಲಿ, ಹಾಲ್‌ಫರ್ಡ್ 2003ರಲ್ಲಿ. ನಡುವಿನ ವರ್ಷಗಳಲ್ಲಿ ಇಬ್ಬರೂ ಮೆಟಲ್‌ನಿಂದ ದೂರ ಸರಿದಂತೆ ಕಂಡರು, ಇಬ್ಬರೂ ಅದಕ್ಕೆ ಹಿಂದಿರುಗಿದರು, ಮತ್ತು ಹಾಗೆ ಹಿಂದಿರುಗುವಾಗ ಇಬ್ಬರ ಜೊತೆಗೂ ಇದ್ದವರು ಗಿಟಾರ್ ವಾದಕ, ನಿರ್ಮಾಪಕ ರಾಯ್ ಝೀ. ನಾಡು, ಕಾಲ, ಜೊತೆಗಾರ ಎಲ್ಲವೂ ಒಂದೇ ಆಗಿರುವುದರಿಂದ ಇವರನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ನ್ಯಾಯವಿದೆ. ಮೂಲ ತಂಡದ ಹಾಡುಗಳನ್ನು ಬದಿಗಿಟ್ಟು, ಸ್ವಂತವಾಗಿ ಕಟ್ಟಿದ ಸಂಗೀತವನ್ನಷ್ಟೇ ತೂಗಿದರೆ, ಡಿಕಿನ್ಸನ್ ಅವರ ಸಾಧನೆ ಹಾಲ್‌ಫರ್ಡ್ ಅವರದಕ್ಕಿಂತ ಹಿರಿದೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಹೊರಗೆ ನಿಂತು ಕಟ್ಟಿದ ಬೇರೆಯದೇ ಲೋಕ

ತಂಡದ ಒಳಗಿದ್ದು ಮಾಡಲಾಗದ್ದನ್ನು ಗಾಯಕ ಹೊರಗೆ ಹೋಗಿ ಮಾಡಿದರೇ ಎಂಬುದೇ ಸ್ವತಂತ್ರ ಗಾಯನಕ್ಕೆ ಸರಿಯಾದ ಒರೆಗಲ್ಲು. ಐರನ್ ಮೇಡನ್‌ ತಂಡವನ್ನು ಕಟ್ಟಿದವರು, ಅದರ ಹಾಡುಗಳ ಬಹುಪಾಲನ್ನು ಬರೆದವರು, ಅದರ ದಿಕ್ಕನ್ನು ನಿರ್ಧರಿಸುವವರು ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಡಿಕಿನ್ಸನ್ ಎಷ್ಟೇ ದೊಡ್ಡ ಗಾಯಕರಾಗಿದ್ದರೂ ಅಲ್ಲಿ ಅವರು ಹೆಚ್ಚಿನ ವೇಳೆ ಇನ್ನೊಬ್ಬರ ಕಲ್ಪನೆಗೆ ಕಂಠ ಕೊಡಬೇಕಾಗಿತ್ತು. ಇನ್ನೂ ತಂಡದಲ್ಲಿದ್ದಾಗಲೇ, 1990ರಲ್ಲಿ, ಅವರು ಹೊರತಂದ ‘ಟ್ಯಾಟೂಡ್ ಮಿಲಿಯನೇರ್’ ಲಘು ಧಾಟಿಯ ರಾಕ್ ಆಲ್ಬಮ್. ಅದರ ಮೇಲೆ ದೊಡ್ಡ ವಾದ ಕಟ್ಟಬೇಕಾಗಿಲ್ಲ. ನಿಜವಾದ ಆರಂಭವಿರುವುದು 1994ರ ‘ಬಾಲ್ಸ್ ಟು ಪಿಕಾಸೊ’ದಲ್ಲಿ. ಅದಕ್ಕಾಗಿ ಮೊದಲು ಮಾಡಿದ ಧ್ವನಿಮುದ್ರಣ ತೃಪ್ತಿ ಕೊಡದಿದ್ದಾಗ ಅದನ್ನು ಕೈಬಿಟ್ಟು, ರಾಯ್ ಝೀ ಮತ್ತು ಅವರ ‘ಟ್ರೈಬ್ ಆಫ್ ಜಿಪ್ಸೀಸ್’ ತಂಡದವರನ್ನು ಕೂಡಿಕೊಂಡು ಮತ್ತೆ ಮೊದಲಿನಿಂದ ತೊಡಗುವ ಧೈರ್ಯವನ್ನು ಡಿಕಿನ್ಸನ್ ತೋರಿದರು.

ಆ ಆಲ್ಬಮ್ಮಿನ ಕೊನೆಯ ಹಾಡು ‘ಟಿಯರ್ಸ್ ಆಫ್ ದ ಡ್ರ್ಯಾಗನ್’ ಕೇಳಿದರೆ ಅವರು ಏಕೆ ಹೊರಗೆ ಹೋದರೆಂಬುದು ತಾನಾಗಿ ತಿಳಿಯುತ್ತದೆ. ತಂತಿಗಳನ್ನು ಒಂದೊಂದಾಗಿ ಮೀಟುವ ಗಿಟಾರಿನ ಮೇಲೆ, ಮಾತಿಗೆ ಹತ್ತಿರವಾದ ತಗ್ಗು ದನಿಯಲ್ಲಿ ಹಾಡು ಶುರುವಾಗುತ್ತದೆ. ಪಲ್ಲವಿಗೆ ಬರುವ ಹೊತ್ತಿಗೆ ದನಿ ಪೂರ್ತಿ ತೆರೆದುಕೊಳ್ಳುತ್ತದೆಯಾದರೂ ಅಲ್ಲಿ ಅಬ್ಬರವಿಲ್ಲ. ಭಯವನ್ನು ಬಿಟ್ಟುಕೊಟ್ಟು ತನ್ನನ್ನು ಅಲೆಗೆ ಒಪ್ಪಿಸಿಕೊಳ್ಳುವವನ ನಿರಾಳವಿದೆ. ನಡುವೆ ಲಯ ಇದ್ದಕ್ಕಿದ್ದಂತೆ ಜಮೈಕಾದ ರೆಗ್ಗೆ ಸಂಗೀತದ ಕಡೆಗೆ ವಾಲುತ್ತದೆ, ಅಲ್ಲಿಂದ ಗಿಟಾರಿನ ಒಂಟಿ ವಾದನ ಏಳುತ್ತದೆ. ಕುದುರೆ ಓಟದಂಥ ಬೇಸ್ ಗತಿಗೆ ಹೆಸರಾದ ಮೇಡನ್ ತಂಡದಲ್ಲಿ ಈ ಹಾಡಿಗೆ ಜಾಗ ಸಿಗುತ್ತಿತ್ತೆಂದು ನಂಬುವುದು ಕಷ್ಟ.

ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಮಾಡಿದ ಕೆಲಸವನ್ನು ಸಂಗೀತದ ಲೆಕ್ಕದಿಂದ ಹೊರಗಿಡಲಾಗದು. ಬಾಸ್ನಿಯಾದ ಯುದ್ಧದಲ್ಲಿ ಸರಾಯೆವೊ ನಗರ ಮುತ್ತಿಗೆಯಲ್ಲಿತ್ತು. ಸುತ್ತಲಿನ ಗುಡ್ಡಗಳಿಂದ ಫಿರಂಗಿ ದಾಳಿ ನಡೆಯುತ್ತಿತ್ತು, ಬೀದಿ ದಾಟುವವರ ಮೇಲೆ ಗುರಿಕಾರರು ಗುಂಡು ಹಾರಿಸುತ್ತಿದ್ದರು. ಡಿಕಿನ್ಸನ್ ಮತ್ತು ಅವರ ಯುವ ಸಂಗಡಿಗರು ಇಗ್‌ಮನ್ ಬೆಟ್ಟದ ದಾರಿಯಲ್ಲಿ ಟ್ರಕ್ಕಿನಲ್ಲಿ ಕುಳಿತು ನಗರದೊಳಕ್ಕೆ ಹೋಗಿ, ಅಲ್ಲಿನ ಸಭಾಂಗಣವೊಂದರಲ್ಲಿ ಹಾಡಿ ಬಂದರು. ಐರನ್ ಮೇಡನ್‌ನಂಥ ದೊಡ್ಡ ತಂಡ ತನ್ನ ಲಾರಿಗಳು, ಬೆಳಕಿನ ಗೋಪುರಗಳು, ವಿಮಾ ಕರಾರುಗಳ ಸಮೇತ ಅಂಥ ಊರಿಗೆ ಹೋಗುವುದು ಸಾಧ್ಯವೇ ಇರಲಿಲ್ಲ. ಸ್ವತಂತ್ರನಾಗಿರುವುದೆಂದರೆ ಹೀಗೆ ಹಗುರಾಗಿರುವುದೂ ಹೌದು ಎಂದು ನನಗೆ ಅನ್ನಿಸುತ್ತದೆ.

1996ರ ‘ಸ್ಕಂಕ್‌ವರ್ಕ್ಸ್’ ಅಷ್ಟಾಗಿ ಫಲಿಸಲಿಲ್ಲ. ನಿರ್ವಾಣ ತಂಡದ ಮೊದಲ ಆಲ್ಬಮ್ಮನ್ನು ಮುದ್ರಿಸಿದ ಜ್ಯಾಕ್ ಎಂಡಿನೊ ಅವರನ್ನು ನಿರ್ಮಾಪಕರನ್ನಾಗಿ ಕರೆಸಿ, ಆ ಕಾಲದ ರಾಕ್‌ನ ಜೊತೆ ಮಾತಾಡಲು ಯತ್ನಿಸಿದ ಕೆಲಸ ಅದು. ಅದರ ಮರುವರ್ಷ ಡಿಕಿನ್ಸನ್ ಮತ್ತೆ ರಾಯ್ ಝೀ ಬಳಿಗೆ ಹೋದರು. ಮೇಡನ್‌ನ ಮಾಜಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಬಂದು ಸೇರಿದರು. ‘ಆಕ್ಸಿಡೆಂಟ್ ಆಫ್ ಬರ್ತ್’ ಬಂದಿತು, ಅದರ ಹಿಂದೆಯೇ 1998ರಲ್ಲಿ ‘ದ ಕೆಮಿಕಲ್ ವೆಡ್ಡಿಂಗ್’ ಬಂದಿತು. ಈ ವಾದದ ತಿರುಳೆಲ್ಲ ಈ ಎರಡನೆಯದರಲ್ಲಿದೆ.

ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಅವರ ಲೋಕವನ್ನೂ ರಸವಿದ್ಯೆಯ ಸಂಕೇತಗಳನ್ನೂ ಆಧರಿಸಿದ ಆಲ್ಬಮ್ ಇದು. ಮುಖಪುಟದಲ್ಲಿರುವುದು ಬ್ಲೇಕ್ ಬರೆದ ಚಿಗಟದ ಪ್ರೇತದ ಚಿತ್ರ. ಗಿಟಾರುಗಳ ಶ್ರುತಿಯನ್ನು ಎಷ್ಟು ಇಳಿಸಲಾಗಿದೆಯೆಂದರೆ, ಡಿಕಿನ್ಸನ್ ಅವರ ತಾರಸ್ಥಾಯಿಗೂ ಕೆಳಗಿನ ವಾದ್ಯಗಳಿಗೂ ನಡುವೆ ದೊಡ್ಡದೊಂದು ಅವಕಾಶ ತೆರೆದು, ದನಿ ಆಳದ ಬಾವಿಯಿಂದ ಮೇಲೇರಿ ಬಂದಂತೆ ಕೇಳುತ್ತದೆ. ಹಾಡುಗಳ ನಡುವೆ ಹಿರಿಯ ಗಾಯಕ ಆರ್ಥರ್ ಬ್ರೌನ್ ಬ್ಲೇಕ್‌ನ ಸಾಲುಗಳನ್ನು ಓದುತ್ತಾರೆ. ‘ಜೆರುಸಲೆಮ್’ ಹಾಡಿನಲ್ಲಂತೂ ಡಿಕಿನ್ಸನ್ ದೊಡ್ಡ ಸಾಹಸಕ್ಕೇ ಕೈಹಾಕಿದರು: ಇಂಗ್ಲೆಂಡಿನಲ್ಲಿ ನಾಡಗೀತೆಯಂತೆ ಎಲ್ಲರ ನಾಲಿಗೆಯ ಮೇಲಿರುವ ಬ್ಲೇಕ್‌ನ ಪದ್ಯವನ್ನು ಎತ್ತಿಕೊಂಡು, ಹ್ಯೂಬರ್ಟ್ ಪ್ಯಾರಿ 1916ರಲ್ಲಿ ಅದಕ್ಕೆ ಕೂಡಿಸಿದ ಸುಪ್ರಸಿದ್ಧ ಧಾಟಿಯನ್ನು ಪೂರ್ತಿಯಾಗಿ ಬಿಟ್ಟು, ಹೊಸ ಧಾಟಿಯಲ್ಲಿ ಹಾಡಿದರು. ಸಭೆ ಸಮಾರಂಭಗಳ ಗೀತೆಯಾಗಿ ಪಳಗಿಹೋಗಿದ್ದ ಪದ್ಯಕ್ಕೆ ಅದರ ಮೂಲದ ಉರಿ ಆ ಹಾಡಿನಲ್ಲಿ ಮರಳಿ ಬಂದಿತೆಂದು ನಾನು ನಂಬುತ್ತೇನೆ. ಕವಿಯೊಬ್ಬನನ್ನು ಇಷ್ಟು ಗಂಭೀರವಾಗಿ ಓದಿಕೊಂಡು ಮಾಡಿದ ಇನ್ನೊಂದು ಕೆಲಸ ಹಾಲ್‌ಫರ್ಡ್ ಅವರ ಸ್ವತಂತ್ರ ಆಲ್ಬಮ್‌ಗಳಲ್ಲಿ ಇಲ್ಲ.

ಮೇಡನ್‌ಗೆ ಮರಳಿದ ಮೇಲೂ ಡಿಕಿನ್ಸನ್ ಈ ಹಾದಿಯನ್ನು ಮುಚ್ಚಲಿಲ್ಲ. 2005ರಲ್ಲಿ ‘ಟಿರನಿ ಆಫ್ ಸೋಲ್ಸ್’ ಬಂದಿತು. ಮುಂದೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, 2015ರಲ್ಲಿ ಚಿಕಿತ್ಸೆ ಮುಗಿಸಿ, ಹಾಡುವುದನ್ನೇ ಮತ್ತೆ ಅಭ್ಯಾಸ ಮಾಡಿಕೊಂಡು ಬಂದ ಆ ಗಾಯಕ, 2024ರ ಮಾರ್ಚ್ 1ರಂದು ‘ದ ಮ್ಯಾಂಡ್ರೇಕ್ ಪ್ರಾಜೆಕ್ಟ್’ ಹೊರತಂದರು, ಜೊತೆಗೆ ಅದೇ ಕಥಾಲೋಕದ ಕಾಮಿಕ್ ಸರಣಿಯೊಂದನ್ನೂ. ಆಗ ಅವರಿಗೆ 65 ವರ್ಷ. ಮೂವತ್ತನಾಲ್ಕು ವರ್ಷಗಳುದ್ದಕ್ಕೂ ಹರಡಿಕೊಂಡಿರುವ ಈ ಕೆಲಸವನ್ನು ತಂಡದ ವಿರಾಮದಲ್ಲಿ ಮಾಡಿದ ಹವ್ಯಾಸವೆಂದು ಕರೆಯಲು ಬರುವುದಿಲ್ಲ.

ವಿರೋಧ: ಹಾಲ್‌ಫರ್ಡ್ ಪಣಕ್ಕಿಟ್ಟದ್ದು ಹೆಚ್ಚು

ಕರ್ನಾಟಕದ ಕೇಳುಗರು ಈ ತೀರ್ಪು ಕೊಡುವ ಮುನ್ನ ತಮ್ಮ ಒಲವನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮತ್ತೆ 2009ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಡಿಕಿನ್ಸನ್ ಅವರನ್ನು ಕಣ್ಣೆದುರೇ ಕಂಡು ಕೇಳಿದ ಒಂದು ಪೀಳಿಗೆಯೇ ಇಲ್ಲಿದೆ. ಆ ಸಂಜೆಗಳ ಋಣ ದೊಡ್ಡದು, ಆದರೆ ಅದನ್ನು ಅವರ ಸ್ವತಂತ್ರ ಆಲ್ಬಮ್‌ಗಳ ಖಾತೆಗೆ ಜಮಾ ಮಾಡಬಾರದು.

ಮೊದಲನೆಯ ಆಕ್ಷೇಪ ಅಳತೆಗೋಲಿನ ಬಗ್ಗೆ. ಒಂದೇ ಹೆಸರಿನಲ್ಲಿ, ಒಂದೇ ಗೆರೆಯಲ್ಲಿ ಮುಂದುವರಿದದ್ದೇ ಹಿರಿದೆನ್ನುವುದಾದರೆ ಹಾಲ್‌ಫರ್ಡ್ ಸೋತರು, ಸರಿ. ಆದರೆ ಪ್ರೀಸ್ಟ್ ಬಿಟ್ಟಾಗ ಅವರು ತಮ್ಮ ಹೆಸರನ್ನು ಫಲಕದ ಮೇಲೆ ಬರೆಸಲಿಲ್ಲ. ‘ಫೈಟ್’ ಎಂಬ ಹೊಸ ತಂಡ ಕಟ್ಟಿದರು; ಪ್ರೀಸ್ಟ್‌ನ ಡ್ರಮ್ಮರ್ ಸ್ಕಾಟ್ ಟ್ರ್ಯಾವಿಸ್ ಬಿಟ್ಟರೆ ಉಳಿದವರೆಲ್ಲ ಹೆಸರಿಲ್ಲದ ಕಿರಿಯರು. ಆಗ ಅವರಿಗೆ ನಲವತ್ತು ದಾಟಿತ್ತು. ಪ್ರೀಸ್ಟ್‌ನ ‘ಪೇನ್‌ಕಿಲ್ಲರ್’ ಆಲ್ಬಮ್ ಮುಗಿಸಿ ಎರಡೇ ವರ್ಷವಾಗಿತ್ತು. ಅದೇ ಧಾಟಿಯನ್ನು ಇನ್ನೂ ಹತ್ತು ವರ್ಷ ಹಾಡಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ಅದರ ಬದಲು ತಮಗಿಂತ ಬಹಳ ಕಿರಿಯರಾದ ಪ್ಯಾಂಟೆರಾ ತಂಡದವರನ್ನು ಕೂಡಿಕೊಂಡು 1992ರಲ್ಲಿ ಚಲನಚಿತ್ರವೊಂದಕ್ಕೆ ಹಾಡಿದರು, 1993ರಲ್ಲಿ ಫೈಟ್ ಹೆಸರಿನಲ್ಲಿ ‘ವಾರ್ ಆಫ್ ವರ್ಡ್ಸ್’ ತಂದರು. ಅದರಲ್ಲಿ ಹಳೆಯ ಚೀತ್ಕಾರವಿದೆ, ಆದರೆ ಅದರ ಸುತ್ತ ಇರುವುದು ಬೀದಿಯ ಒರಟು, ಮೊಟಕು ಗಿಟಾರ್ ಗತಿಗಳು, ಕೊರಳಿನ ಬುಡದಿಂದ ಬರುವ ಗದರಿಕೆ. ಅದೇ ಕಾಲದಲ್ಲಿ ಡಿಕಿನ್ಸನ್ ದಾರಿ ಹುಡುಕುತ್ತಿದ್ದರೆ, ಹಾಲ್‌ಫರ್ಡ್ ಆಗಲೇ ಹೊಸದೊಂದನ್ನು ಗಟ್ಟಿಯಾಗಿ ಹಿಡಿದಿದ್ದರು.

ಎರಡನೆಯ ಫೈಟ್ ಆಲ್ಬಮ್ ಮೊದಲನೆಯದರ ಮಟ್ಟಕ್ಕೆ ಏರಲಿಲ್ಲ. ಆಮೇಲೆ ಬಂದದ್ದು ‘ಟೂ’ ಎಂಬ ತಂಡ. ಗಿಟಾರ್ ವಾದಕ ಜಾನ್ ಫೈವ್ ಜೊತೆ, ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಅವರ ಮೇಲ್ವಿಚಾರಣೆಯಲ್ಲಿ, 1998ರಲ್ಲಿ ಹೊರಬಂದ ‘ವಾಯರ್ಸ್’. ಇಂಡಸ್ಟ್ರಿಯಲ್ ಸಂಗೀತದ ಯಂತ್ರಲಯದ ಮೇಲೆ ಹಾಲ್‌ಫರ್ಡ್ ಪಿಸುದನಿಯಲ್ಲಿ, ಮಧ್ಯಸ್ಥಾಯಿಯಲ್ಲಿ ಹಾಡಿದರು. ಜಗತ್ತು ಅವರನ್ನು ಯಾವ ಚೀತ್ಕಾರಕ್ಕಾಗಿ ಬಲ್ಲದೋ ಅದನ್ನು ಬಹುಪಾಲು ಕೈಬಿಟ್ಟರು. ಅಭಿಮಾನಿಗಳು ಅದನ್ನು ಒಪ್ಪಲಿಲ್ಲ. ನಾನೂ ಅದನ್ನು ಶ್ರೇಷ್ಠ ಆಲ್ಬಮ್ ಎನ್ನುವುದಿಲ್ಲ. ಆದರೂ ತನ್ನ ದೊಡ್ಡ ಆಸ್ತಿಯನ್ನೇ ಮೂಲೆಗಿಟ್ಟು ಹಾಡಲು ಹೊರಟ ಗಾಯಕರು ಮೆಟಲ್‌ನಲ್ಲಿ ಎಷ್ಟು ಮಂದಿ ಇದ್ದಾರೆ?

ಆ ಆಲ್ಬಮ್ ಹೊರಬರುವ ಹೊತ್ತಿನಲ್ಲೇ, 1998ರ ಫೆಬ್ರವರಿಯಲ್ಲಿ, ಎಂಟಿವಿಯ ಸಂದರ್ಶನದಲ್ಲಿ ಹಾಲ್‌ಫರ್ಡ್ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಚರ್ಮದ ಉಡುಪು, ಲೋಹದ ಮೊಳೆಗಳು, ವೇದಿಕೆಗೆ ಬರುವ ಮೋಟಾರ್ ಬೈಕು, ಇವನ್ನೆಲ್ಲ ಹೆವಿ ಮೆಟಲ್‌ನ ಗಂಡುತನದ ಗುರುತುಗಳಾಗಿ ನೆಲೆಗೊಳಿಸಿದವರೇ ಅವರು. ಪ್ರೀಸ್ಟ್‌ನಲ್ಲಿದ್ದ ಸುಮಾರು ಎರಡು ದಶಕ, ತಂಡಕ್ಕೆ ಧಕ್ಕೆಯಾದೀತೆಂಬ ಅಂಜಿಕೆಯಿಂದ ಆ ಮಾತನ್ನು ಸಾರ್ವಜನಿಕವಾಗಿ ಆಡದೆ ಉಳಿದಿದ್ದರು. ತಂಡದೊಳಗೆ ಮಾಡಲಾಗದ್ದನ್ನು ಹೊರಗೆ ಮಾಡಿದರೇ ಎಂದು ಪರಪಕ್ಷ ಕೇಳುತ್ತದೆ. ಇದಕ್ಕಿಂತ ನೇರವಾದ ಉತ್ತರ ಬೇಕೇ? ಸರಾಯೆವೊಗೆ ಹೋದ ಡಿಕಿನ್ಸನ್ ಅವರ ಧೈರ್ಯವನ್ನು ನಾನು ಕಿರಿದು ಮಾಡುವುದಿಲ್ಲ. ಆದರೆ ಅವರು ಅಲ್ಲಿಂದ ಮೆಚ್ಚುಗೆಗೆ ಮರಳಿ ಬರುತ್ತಿದ್ದರು. ಹಾಲ್‌ಫರ್ಡ್ ಮಾತ್ರ ತಮ್ಮ ಕೇಳುಗರು ತಮ್ಮನ್ನು ಇನ್ನೂ ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದೆ ಮಾತಾಡಿದರು.

ಉತ್ತರ ಸಿಕ್ಕಿದ್ದು 2000ದಲ್ಲಿ. ತಮ್ಮದೇ ಹೆಸರಿನ ‘ಹಾಲ್‌ಫರ್ಡ್’ ತಂಡ ಕಟ್ಟಿ ಅವರು ತಂದ, ರಾಯ್ ಝೀ ನಿರ್ಮಾಣದ ‘ರೆಸರೆಕ್ಷನ್’ ಆಲ್ಬಮ್ಮಿನ ಮೊದಲ ಹಾಡು ಆರಂಭವಾದ ಕ್ಷಣಗಳಲ್ಲೇ ಆ ತಾರಸ್ಥಾಯಿಯ ಕೂಗು ಏಳುತ್ತದೆ, ಮತ್ತು ಹಾಡು ಹೇಳುವುದೂ ಕುಲುಮೆಯಂಥ ನರಕದಿಂದ ಮೇಲೆದ್ದು ಬಂದವನ ಕಥೆಯನ್ನೇ. ಅದೇ ಆಲ್ಬಮ್ಮಿನ ‘ಸೈಲೆಂಟ್ ಸ್ಕ್ರೀಮ್ಸ್’ ಮೆಲ್ಲಗೆ, ಬಹುತೇಕ ಒಂಟಿಯಾಗಿ ಶುರುವಾಗಿ, ಹಂತಹಂತವಾಗಿ ಭಾರವಾಗುತ್ತ ಕೊನೆಗೆ ವೇಗಕ್ಕೆ ಹೊರಳುತ್ತದೆ. ಒಳಗೇ ಅದುಮಿಟ್ಟ ಕೂಗು ಹೊರಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತನ್ನು ಹಾಡು ತೆಗೆದುಕೊಳ್ಳುತ್ತದೆ. ಡಿಕಿನ್ಸನ್ ಬ್ಲೇಕ್‌ನನ್ನು ಓದಿಕೊಂಡು ಹಾಡಿದರು, ಹಾಲ್‌ಫರ್ಡ್ ತಮ್ಮ ಬದುಕನ್ನೇ ಹಾಡಿದರು. ಎರಡೂ ಕಲೆಯೇ, ನನ್ನ ಮಟ್ಟಿಗೆ ಎರಡನೆಯದು ಹೆಚ್ಚು ಕಾಲ ಕಿವಿಯಲ್ಲಿ ಉಳಿಯುತ್ತದೆ.

‘ದ ಕೆಮಿಕಲ್ ವೆಡ್ಡಿಂಗ್’ ಬಗ್ಗೆಯೂ ಒಂದು ಮಾತು. ಅದು ದೊಡ್ಡ ಆಲ್ಬಮ್ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದರಲ್ಲಿ ಗಿಟಾರ್ ಹಿಡಿದವರಲ್ಲಿ ಒಬ್ಬರು ಏಡ್ರಿಯನ್ ಸ್ಮಿತ್. ಅದು ಬಂದ ಮರುವರ್ಷವೇ ಇಬ್ಬರೂ ಒಟ್ಟಿಗೆ ಮೇಡನ್‌ಗೆ ಮರಳಿದರು. ‘ರೆಸರೆಕ್ಷನ್’ ಆಲ್ಬಮ್ಮಿನಲ್ಲಿ ಪ್ರೀಸ್ಟ್‌ನ ಒಬ್ಬ ವಾದಕರೂ ಇಲ್ಲ. ಪ್ಯಾಟ್ರಿಕ್ ಲಾಕ್‌ಮನ್, ಮೈಕ್ ಕ್ಲಾಸಿಯಾಕ್ ಅವರ ಗಿಟಾರು, ಬಾಬಿ ಜಾರ್ಜೊಂಬೆಕ್ ಅವರ ಡ್ರಮ್ಸ್, ಇವಿಷ್ಟನ್ನೇ ನಂಬಿಕೊಂಡು ಪ್ರೀಸ್ಟ್‌ಗೆ ಸಮನಾದ ಶಕ್ತಿಯನ್ನು ಹಾಲ್‌ಫರ್ಡ್ ಹುಟ್ಟಿಸಿದರು. ಆ ಆಲ್ಬಮ್ಮಿನ ‘ದ ಒನ್ ಯೂ ಲವ್ ಟು ಹೇಟ್’ ಹಾಡಿಗೆ ಡಿಕಿನ್ಸನ್ ಅವರೇ ಬಂದು ಜೊತೆಗೂಡಿದ್ದಾರೆ. ಎರಡು ಶಾರೀರಗಳನ್ನು ಒಂದೇ ಹಾಡಿನಲ್ಲಿ ಕೇಳಬೇಕೆನ್ನುವವರಿಗೆ ಅದೇ ಸಾಕು: ಡಿಕಿನ್ಸನ್ ಅವರದು ದುಂಡಗಿನ, ತುಂಬು ದನಿ, ಹಾಲ್‌ಫರ್ಡ್ ಅವರದು ಅಲಗಿನಂತೆ ತೆಳ್ಳಗೆ, ಚೂಪಾಗಿ ಸೀಳುವ ದನಿ. ಅದೇ ವರ್ಷ ಅಮೆರಿಕದಲ್ಲಿ ಐರನ್ ಮೇಡನ್ ಸಂಚಾರ ಹೊರಟಾಗ, ಡಿಕಿನ್ಸನ್ ಅವರಿಗಿಂತ ಏಳು ವರ್ಷ ಹಿರಿಯರಾದ ಹಾಲ್‌ಫರ್ಡ್ ಆರಂಭಿಕ ಕಲಾವಿದರಾಗಿ ಮೊದಲು ವೇದಿಕೆ ಹತ್ತಿ, ತಮ್ಮ ಹೊಸ ಹಾಡುಗಳನ್ನು ಮೇಡನ್ ಅಭಿಮಾನಿಗಳ ಮುಂದಿಟ್ಟರು.

2002ರ ‘ಕ್ರೂಸಿಬಲ್’ ಬಿಗಿಯಾದ ಕೆಲಸ. 2009ರ ಕ್ರಿಸ್‌ಮಸ್ ಹಾಡುಗಳ ಸಂಗ್ರಹವನ್ನು ಬಿಟ್ಟುಬಿಡಬಹುದು. 2010ರ ‘ಮೇಡ್ ಆಫ್ ಮೆಟಲ್’ ಆದ ಮೇಲೆ ಹಾಲ್‌ಫರ್ಡ್ ಹೆಸರಿನ ಆ ತಂಡದಿಂದ ಹೊಸ ಆಲ್ಬಮ್ ಬಂದಿಲ್ಲ. ಪರಪಕ್ಷ ಇದನ್ನು ಕೊರತೆಯೆಂದು ಎಣಿಸುತ್ತದೆ. ಆದರೆ ಡಿಕಿನ್ಸನ್ ಅವರ ಸ್ವತಂತ್ರ ಸಂಗೀತ ಮೇಡನ್‌ನಿಂದ ಬೇರೆಯಾಗಿಯೇ ಉಳಿಯಿತು. ಮರಳಿ ಬಂದ ಮೇಲೆ ಮೇಡನ್ ಆಲ್ಬಮ್‌ಗಳ ನಿರ್ಮಾಣ ಕೆವಿನ್ ಶರ್ಲಿ ಅವರ ಕೈಗೆ ಹೋಯಿತು, ರಾಯ್ ಝೀ ಆ ಬಾಗಿಲು ದಾಟಲಿಲ್ಲ. ಹಾಲ್‌ಫರ್ಡ್ ಮಾತ್ರ ಹೊರಗೆ ಗಳಿಸಿದ್ದನ್ನು ಮನೆಗೆ ತಂದರು: ಅವರು ಮರಳಿದ ನಂತರ 2005ರಲ್ಲಿ ಬಂದ ಜೂಡಾಸ್ ಪ್ರೀಸ್ಟ್‌ನ ಮೊದಲ ಆಲ್ಬಮ್ ‘ಏಂಜಲ್ ಆಫ್ ರೆಟ್ರಿಬ್ಯೂಷನ್’ ಅನ್ನು ತಂಡದೊಡನೆ ನಿರ್ಮಿಸಿದವರು, ‘ರೆಸರೆಕ್ಷನ್’ ರೂಪಿಸಿದ ಅದೇ ರಾಯ್ ಝೀ.